ಟ್ಯಾಂಕಲ್ಲಿ ಪೆಟ್ರೋಲ್ ಇದೆ, ಗಾಡಿ ಮಾತ್ರ ಏರಿನಲ್ಲಿ ನಿಂತಿದೆ

ನಾನು ಆಲ್ದೂರಿನ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ರೈಟರ್ ಅಂದರೆ ಕಥೆ ಬರೆಯುವವನು ಅಲ್ಲ. ಆಳುಗಳ ಹಾಜರಿ, ಗೊಬ್ಬರದ ಚೀಲದ ಲೆಕ್ಕ, ವಾರದ ಬಟವಾಡೆ ಪಟ್ಟಿ ಬರೆಯುವವನು. ವಾರಕ್ಕೆ ಎರಡು ಸಲವಾದರೂ ಚಿಕ್ಕಮಗಳೂರಿಗೆ ಹೋಗಿ ಬರಬೇಕು. ಇರುವುದು ಹನ್ನೆರಡು ವರ್ಷ ಹಳೆಯ ನೂರು ಸಿಸಿ ಬೈಕ್. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬೊರೇಟರ್, ಎಡಗಡೆ ಪೆಟ್ರೋಲ್ ಕಾಕ್ ಅಂದರೆ ನಲ್ಲಿ, ಹೆಸರಿಗೊಂದು ಪೆಟ್ರೋಲ್ ಮುಳ್ಳು. ಕಳೆದ ಮಳೆಗಾಲದಲ್ಲಿ ಈ ಗಾಡಿ ಮೂರು ವಾರ ನನ್ನನ್ನು ಆಟ ಆಡಿಸಿತು. ಆ ಮೂರು ವಾರದಲ್ಲಿ ಕಲಿತದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಗಾಡಿಯೂ ಹೀಗೆ ಮಾಡಿದರೆ ಮೆಕ್ಯಾನಿಕ್ ಹತ್ತಿರ ಓಡುವ ಮೊದಲು ನೀವೇ ಅರ್ಧ ಕೆಲಸ ಮುಗಿಸಬಹುದು.

ತೊಂದರೆ ಹೀಗಿತ್ತು. ಪೇಟೆಯಲ್ಲಿ ಪೆಟ್ರೋಲ್ ಹಾಕಿಸಿ ಹೊರಡುತ್ತೇನೆ. ಮೂರ್ನಾಲ್ಕು ಕಿಲೋಮೀಟರ್ ಚೆನ್ನಾಗಿಯೇ ಓಡುತ್ತದೆ. ಏರು ಶುರುವಾಯಿತು ಅನ್ನುವಾಗ ಇಂಜಿನ್ ಮಿಸ್ ಹೊಡೆಯಲು ಶುರು. ಆಕ್ಸಿಲರೇಟರ್ ತಿರುಗಿಸಿದಷ್ಟೂ ಸೊರಗುತ್ತದೆ. ಕೊನೆಗೆ ಬುಕ್ ಬುಕ್ ಅಂದು ಆಫ್. ಹತ್ತು ನಿಮಿಷ ಸುಮ್ನೆ ನಿಲ್ಲಿಸಿ ಕಿಕ್ ಹೊಡೆದರೆ ಏನೂ ಆಗಿಲ್ಲ ಎಂಬಂತೆ ಸ್ಟಾರ್ಟ್ ಆಗುತ್ತದೆ. ಮತ್ತೆ ಎರಡು ಕಿಲೋಮೀಟರ್, ಮತ್ತೆ ಆಫ್. ನಿಂತಲ್ಲೆಲ್ಲ ಮಳೆ, ಕಾಲಿಗೆ ಇಂಬಳ.

ಮೊದಲು ಬಂಕಿನವರ ಮೇಲೆ ಅನುಮಾನ ಬಂತು. ಪೆಟ್ರೋಲಿಗೆ ನೀರು ಸೇರಿದೆ ಅಂದುಕೊಂಡೆ. ಬಂಕ್ ಬದಲಿಸಿದೆ, ತೊಂದರೆ ಹೋಗಲಿಲ್ಲ. ಮೆಕ್ಯಾನಿಕ್ ಕಾರ್ಬೊರೇಟರ್ ಬಿಚ್ಚಿ ತೊಳೆದರು, ಪ್ಲಗ್ ಹೊಸದು ಹಾಕಿದರು. ಎರಡು ದಿನ ಸರಿಯಿತ್ತು, ಆಮೇಲೆ ಮತ್ತೆ ಅದೇ ಹಾಡು. ತೋಟದಲ್ಲಿ ಒಬ್ಬರು ಇಂಜಿನ್ ಹೀಟ್ ಆಗ್ತಿದೆ ಅಂದರು. ಹತ್ತು ನಿಮಿಷ ಬಿಟ್ಟರೆ ಸರಿಹೋಗುತ್ತದಲ್ಲ, ಹಾಗಾಗಿ ನಾನೂ ನಂಬಿದೆ. ಜುಲೈ ತಿಂಗಳ ಆ ಚಳಿಯಲ್ಲಿ ನೂರು ಸಿಸಿ ಇಂಜಿನ್ ಮೂರು ಕಿಲೋಮೀಟರಿಗೆ ಹೀಟ್ ಆಗುವುದೆಲ್ಲಿಂದ ಬಂತು ಎಂದು ಆಗ ಹೊಳೆಯಲೇ ಇಲ್ಲ.

ಒಂದು ಸುಳಿವು ಮಾತ್ರ ಮೊದಲಿಂದಲೂ ಕಣ್ಣೆದುರೇ ಇತ್ತು. ಫುಲ್ ಟ್ಯಾಂಕ್ ಹಾಕಿಸಿದ ದಿನ ಗಾಡಿ ಬೇಗ ನಿಲ್ಲುತ್ತಿತ್ತು. ನೂರು ರೂಪಾಯಿಗೆ ಹಾಕಿಸಿದ ದಿನ ಮನೆ ಹತ್ತಿರದವರೆಗೂ ಬರುತ್ತಿತ್ತು. ಪೆಟ್ರೋಲ್ ಜಾಸ್ತಿ ಇದ್ದಷ್ಟೂ ಬೇಗ ನಿಲ್ಲುವ ಗಾಡಿ! ಇದು ಉಲ್ಟಾ ಅಲ್ವಾ ಎಂದು ಯೋಚಿಸಿದ್ದರೆ ಅಂದೇ ಸಿಕ್ಕಿಬಿಡುತ್ತಿತ್ತು.

ಸಿಕ್ಕಿಸಿದವರು ಡೈರಿಗೆ ಹಾಲು ಸಾಗಿಸುವ ಪಿಕಪ್‌ನ ಡ್ರೈವರ್. ಸಿಲ್ವರ್ ಓಕ್ ಮರದ ಕೆಳಗೆ ತೊಪ್ಪೆಯಾಗಿ ನಿಂತಿದ್ದೆ. ಗಾಡಿ ಸ್ಲೋ ಮಾಡಿ ಕೇಳಿದರು.

"ಎಂತ ಆಯ್ತು ಮಾರಾಯ್ರೆ?"

"ಗೊತ್ತಿಲ್ಲ ಅಣ್ಣ. ಈಗಷ್ಟೇ ಫುಲ್ ಟ್ಯಾಂಕ್ ಹಾಕ್ಸಿದೀನಿ."

"ಮುಚ್ಚಳ ತೆಗೀರಿ ನೋಡಣ."

ಕೀ ತಿರುಗಿಸಿ ಮುಚ್ಚಳ ಎತ್ತಿದೆ. ಸುಸ್ಸ್ ಅಂತ ಒಂದು ಶಬ್ದ. ಕುಕ್ಕರಿನ ಹಾಗೆ ಹೊರಗೆ ಬರುವ ಗಾಳಿಯಲ್ಲ, ಒಳಗೆ ನುಗ್ಗುವ ಗಾಳಿ. ಅವರು ನಕ್ಕರು. "ಈಗ ಹೊಡೀರಿ ಕಿಕ್ಕು." ಎರಡನೇ ಕಿಕ್ಕಿಗೆ ಸ್ಟಾರ್ಟ್.

ತಪ್ಪು ನನ್ನದೇ. ಮುಚ್ಚಳದ ರಬ್ಬರ್ ವಾಷರ್ ಹಳೆಯದಾಗಿ ಬಿರುಕು ಬಿಟ್ಟಿತ್ತು. ಮಳೆ ನೀರು ಒಳಗೆ ಇಳಿಯಬಾರದು ಎಂದು ಗೊಬ್ಬರದ ಚೀಲದ ಒಳಗಿರುವ ಪ್ಲಾಸ್ಟಿಕ್ ಕತ್ತರಿಸಿ, ಟ್ಯಾಂಕಿನ ಬಾಯಿಗೆ ಹೊದಿಸಿ, ಅದರ ಮೇಲೆ ಮುಚ್ಚಳ ಒತ್ತಿದ್ದೆ. ಜೂನ್ ಮೊದಲ ವಾರದಲ್ಲಿ ಮಾಡಿದ ಕೆಲಸ, ಅದರ ಮೇಲೆ ಅನುಮಾನವೇ ಬರಲಿಲ್ಲ. ಪೆಟ್ರೋಲ್ ಹಾಕಿಸುವಾಗಲೆಲ್ಲ ಅದನ್ನು ತೆಗೆದು, ಮತ್ತೆ ಅಷ್ಟೇ ಶಿಸ್ತಾಗಿ ಹೊದಿಸುತ್ತಿದ್ದೆ. ನೋಡುವವನಿಗೆ ಕಾಣುತ್ತಿದ್ದದ್ದು ಜಾಗ್ರತೆ. ಇಂಜಿನ್‌ಗೆ ಅದು ಉಸಿರುಗಟ್ಟಿಸುವ ಕೆಲಸ.

ಆ ತೂತು ಯಾಕೆ ಬೇಕು

ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದು ಬಗ್ಗಿಸಿ ನೋಡಿ. ಎರಡು ಹನಿ ಬಿದ್ದು ನಿಂತುಬಿಡುತ್ತದೆ. ಎದುರು ಬದಿಗೆ ಇನ್ನೊಂದು ತೂತು ಹೊಡೆದರೆ ಮಾತ್ರ ಎಣ್ಣೆ ಸಲೀಸಾಗಿ ಇಳಿಯುತ್ತದೆ. ಕಾರ್ಬೊರೇಟರ್ ಗಾಡಿಯಲ್ಲಿ ಪೆಟ್ರೋಲ್ ಇಳಿಯುವುದೂ ಹೀಗೆಯೇ, ತನ್ನ ಭಾರಕ್ಕೆ ತಾನೇ. ಕಾಕ್ ಒಂದು ತೂತು, ಮುಚ್ಚಳದಲ್ಲಿರುವ ಸಣ್ಣ ಗಾಳಿಕಿಂಡಿ ಇನ್ನೊಂದು. ಪೆಟ್ರೋಲ್ ಇಳಿದಷ್ಟು ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಟ್ಯಾಂಕೇ ಪೆಟ್ರೋಲನ್ನು ಮೇಲಕ್ಕೆ ಎಳೆದು ಹಿಡಿದುಕೊಳ್ಳುತ್ತದೆ. ಟ್ಯಾಂಕ್ ತುಂಬಿದ್ದಾಗ ಮೇಲೆ ಇರುವ ಗಾಳಿ ಸ್ವಲ್ಪವೇ. ಒಂದು ಸಣ್ಣ ಲೋಟದಷ್ಟು ಪೆಟ್ರೋಲ್ ಇಳಿದರೂ ಸಾಕು, ಆ ಎಳೆತ ಜೋರಾಗಿಬಿಡುತ್ತದೆ. ಅರ್ಧ ಖಾಲಿ ಟ್ಯಾಂಕಲ್ಲಿ ಗಾಳಿ ಜಾಸ್ತಿ, ಎಳೆತ ಹುಟ್ಟಲು ಹೊತ್ತು ಬೇಕು. ಫುಲ್ ಟ್ಯಾಂಕ್ ದಿನ ಬೇಗ ನಿಲ್ಲುತ್ತಿದ್ದ ಗುಟ್ಟು ಇದೇ. ಹತ್ತು ನಿಮಿಷ ಬಿಟ್ಟರೆ ಎಲ್ಲಿಂದಲೋ ಚೂರು ಚೂರು ಗಾಳಿ ಸೋರಿ ಒಳಗೆ ಹೋಗುತ್ತದೆ, ಗಾಡಿ ಸ್ಟಾರ್ಟ್ ಆಗುತ್ತದೆ. ಅದನ್ನು ನಾವು ಇಂಜಿನ್ ತಣ್ಣಗಾಯಿತು ಅಂದುಕೊಳ್ಳುತ್ತೇವೆ.

ಪ್ಲಾಸ್ಟಿಕ್ಕೇ ಬೇಕೆಂದಿಲ್ಲ. ತೋಟದ ಕೆಂಪು ಮಣ್ಣಿನ ಕೆಸರು, ಧೂಳು, ಮುಚ್ಚಳದ ಒಳಗಿನ ತುಕ್ಕು, ಯಾವುದು ಬೇಕಾದರೂ ಆ ಕಿಂಡಿ ಮುಚ್ಚಬಹುದು. ಪರೀಕ್ಷೆ ಸುಲಭ. ಗಾಡಿ ಆಫ್ ಆದ ತಕ್ಷಣ ಮುಚ್ಚಳ ತೆರೆಯಿರಿ. ತಕ್ಷಣ ಅನ್ನುವುದು ಮುಖ್ಯ, ಹತ್ತು ನಿಮಿಷ ಬಿಟ್ಟು ತೆರೆದರೆ ಶಬ್ದ ಬರುವುದಿಲ್ಲ. ಸುಸ್ಸ್ ಅಂದು, ಅರ್ಧ ನಿಮಿಷ ಬಿಟ್ಟು ಗಾಡಿ ಸ್ಟಾರ್ಟ್ ಆದರೆ ಕಾಯಿಲೆ ಸಿಕ್ಕಿತು. ಮುಚ್ಚಳ ಬಿಚ್ಚಿ ಸೀಮೆಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ತೊಳೆದು, ಪಂಕ್ಚರ್ ಅಂಗಡಿಯ ಗಾಳಿ ಪೈಪ್ ಹಿಡಿದರೆ ಕೆಲಸ ಮುಗಿಯಿತು. ವಾಷರ್ ಬಿರಿದಿದ್ದರೆ ಹೊಸದು ಹಾಕಿ, ಪ್ಲಾಸ್ಟಿಕ್ ಬೇಡ. ಮಳೆಗೆ ಮುಚ್ಚಳದ ಮೇಲೆ ಏನಾದರೂ ಹೊದಿಸಲೇಬೇಕಿದ್ದರೆ ಸಡಿಲವಾಗಿ ಹೊದಿಸಿ. ರಬ್ಬರ್ ಬ್ಯಾಂಡ್ ಹಾಕಿ ಬಿಗಿಯಬೇಡಿ.

ಒಂದು ಎಚ್ಚರಿಕೆ. ರಾತ್ರಿ ಟ್ಯಾಂಕ್ ತೆರೆದು ನೋಡುವಾಗ ಮೊಬೈಲ್ ಟಾರ್ಚ್ ದೂರದಿಂದ ಹಿಡಿಯಿರಿ. ಬೆಂಕಿಪೊಟ್ಟಣ, ಲೈಟರ್ ಹತ್ತಿರವೇ ತರಬೇಡಿ. ಸಹಾಯಕ್ಕೆ ಬಂದವರ ಬಾಯಲ್ಲಿ ಬೀಡಿ ಇದ್ದರೆ ಮೊದಲು ಅದನ್ನು ಆರಿಸಲು ಹೇಳಿ.

ನಿಂತ ಗಾಡಿಯನ್ನು ಎಲ್ಲಿಂದ ನೋಡಬೇಕು

ನಾನೀಗ ಮೊದಲು ನೋಡುವುದು ಹ್ಯಾಂಡಲಿನ ಕೆಂಪು ಬಟನ್, ಅಂದರೆ ಇಂಜಿನ್ ಆಫ್ ಮಾಡುವ ಕಿಲ್ ಸ್ವಿಚ್. ಆಮೇಲೆ ಸೈಡ್ ಸ್ಟ್ಯಾಂಡ್. ಈಗಿನ ಎಷ್ಟೋ ಗಾಡಿಗಳಲ್ಲಿ ಸ್ಟ್ಯಾಂಡ್ ಕೆಳಗಿದ್ದರೆ ಇಂಜಿನ್ ಸ್ಟಾರ್ಟೇ ಆಗುವುದಿಲ್ಲ, ಸ್ಟ್ಯಾಂಡಿನ ಸ್ವಿಚ್ಚಿಗೆ ಕೆಸರು ಮೆತ್ತಿಕೊಂಡರೆ ಸ್ಟ್ಯಾಂಡ್ ಮೇಲಿದ್ದರೂ ಅದೇ ಕಥೆ. ಇಷ್ಟು ನೋಡಲು ಐದು ಸೆಕೆಂಡ್ ಸಾಕು. ನಾಚಿಕೆ ಪಟ್ಟುಕೊಂಡು ಬಿಡಬೇಡಿ.

ಮೂರನೆಯದು ನಿಂತ ರೀತಿ. ಬಲ್ಬ್ ಆರಿದ ಹಾಗೆ ಟಕ್ ಅಂತ ನಿಂತಿತೋ, ದೀಪದ ಎಣ್ಣೆ ತೀರಿದ ಹಾಗೆ ಸೊರಗಿ ಸೊರಗಿ ನಿಂತಿತೋ? ಟಕ್ ಅಂತ ನಿಂತರೆ ಹೆಚ್ಚಾಗಿ ಕರೆಂಟಿನ ಕಡೆಯದು: ಪ್ಲಗ್ ಕ್ಯಾಪ್, ವೈರು, ಫ್ಯೂಸ್. ಸೊರಗಿ ನಿಂತರೆ ಪೆಟ್ರೋಲ್ ಕಡೆಯದು. ಇದಕ್ಕೆ ಕಾರ್ಬೊರೇಟರ್ ಗಾಡಿಯಲ್ಲಿ ಇನ್ನೊಂದು ಒಳ್ಳೆಯ ಉಪಾಯ ಇದೆ. ಮಿಸ್ ಹೊಡೆಯಲು ಶುರುವಾದಾಗ, ರಸ್ತೆ ಬದಿಗೆ ತಂದು, ಚೋಕ್ ಅರ್ಧ ಎಳೆಯಿರಿ. ಚೋಕ್ ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಇಂಜಿನ್ ಚೇತರಿಸಿಕೊಂಡರೆ ಪೆಟ್ರೋಲ್ ಕಡಿಮೆ ಬರುತ್ತಿದೆ ಎಂದರ್ಥ. ಇನ್ನೂ ಕೆಟ್ಟರೆ ಪೆಟ್ರೋಲ್ ಆಗಲೇ ಜಾಸ್ತಿಯಾಗಿದೆ.

ಮುಳ್ಳಯ್ಯನಗಿರಿಗೆ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ. ಗಿರಿಯ ತುದಿ 1,930 ಮೀಟರ್. ಅಲ್ಲಿ ಗಾಳಿ ಸಮುದ್ರದ ಮಟ್ಟಕ್ಕಿಂತ ಆರರಲ್ಲಿ ಒಂದು ಪಾಲು ತೆಳು. ಕಾರ್ಬೊರೇಟರ್‌ಗೆ ಅದು ತಿಳಿಯುವುದಿಲ್ಲ, ಕೆಳಗಿನ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತಿರುತ್ತದೆ. ಸೀತಾಳಯ್ಯನಗಿರಿ ಹತ್ತಿರ ಬರುವಾಗ ಹಳೆ ಗಾಡಿ ದಮ್ಮು ಕಟ್ಟಿದ ಹಾಗೆ ಆಡಿದರೆ ಪೆಟ್ರೋಲ್ ಮುಗಿಯಿತು ಎಂದು ಗಾಬರಿ ಬೇಡ, ಚೋಕ್ ಎಳೆಯುವುದಂತೂ ಬೇಡ. ಗೇರ್ ಇಳಿಸಿ ನಿಧಾನ ಹತ್ತಿ. ಇಂಜೆಕ್ಷನ್ ಗಾಡಿಗಳು, ಅಂದರೆ ಕಾರ್ಬೊರೇಟರ್ ಬದಲು ಪಂಪಿನಿಂದ ಪೆಟ್ರೋಲ್ ಚಿಮ್ಮಿಸುವ ಹೊಸ ಗಾಡಿಗಳು, ಗಾಳಿಯನ್ನು ಅಳೆದು ತಾವೇ ಹೊಂದಿಸಿಕೊಳ್ಳುತ್ತವೆ. ಅವೂ ಸ್ವಲ್ಪ ಬಲ ಕಳೆದುಕೊಳ್ಳುತ್ತವೆ, ಆದರೆ ಉಗುಳುವುದಿಲ್ಲ.

ಪೆಟ್ರೋಲ್ ಕಡೆಯದೇ ಎಂದು ಗೊತ್ತಾದ ಮೇಲೆ ಕಾಕ್ ನೋಡಿ. ಕಾಕ್ ಎಲ್ಲಿದೆ, ಆನ್‌ನಲ್ಲೋ ರಿಸರ್ವ್‌ನಲ್ಲೋ? ರಿಸರ್ವ್ ಎಂದರೆ ಬೇರೆ ಟ್ಯಾಂಕ್ ಎಂದುಕೊಂಡವರು ಇನ್ನೂ ಇದ್ದಾರೆ. ಬೇರೆ ಟ್ಯಾಂಕ್ ಏನೂ ಇಲ್ಲ. ಕಾಕ್ ಮೇಲಿಂದ ಟ್ಯಾಂಕಿನ ಒಳಕ್ಕೆ ಒಂದು ಎತ್ತರದ ಕೊಳವೆ ನಿಂತಿರುತ್ತದೆ, ಬುಡದಲ್ಲಿ ಇನ್ನೊಂದು ತೂತು ಇರುತ್ತದೆ. ಆನ್ ಇಟ್ಟರೆ ಕೊಳವೆಯ ಬಾಯಿಂದ ಪೆಟ್ರೋಲ್ ಬರುತ್ತದೆ. ಮಟ್ಟ ಆ ಬಾಯಿಗಿಂತ ಕೆಳಗಿಳಿದರೆ ನಿಲ್ಲುತ್ತದೆ. ರಿಸರ್ವ್‌ಗೆ ತಿರುಗಿಸಿದರೆ ಬುಡದ ತೂತಿನಿಂದ ಬರುತ್ತದೆ. ಅಷ್ಟೇ. ರಿಸರ್ವ್‌ಗೆ ತಿರುಗಿಸಿ ಪೆಟ್ರೋಲ್ ಹಾಕಿಸಿದ ಮೇಲೆ ಕಾಕ್ ವಾಪಸ್ ಆನ್‌ಗೆ ತರಲು ಮರೆತರೆ, ಮುಂದಿನ ಸಲ ಎಚ್ಚರಿಕೆಯೇ ಇಲ್ಲದೆ ಕೊನೆಯ ಹನಿಯವರೆಗೆ ಓಡಿ ನಿಲ್ಲುತ್ತದೆ. ಕಾಡಿನ ಮಧ್ಯೆ ತಳ್ಳುವವರಲ್ಲಿ ಅರ್ಧದಷ್ಟು ಜನ ಈ ಮರೆವಿನವರೇ ಇರಬೇಕು ಎಂಬುದು ನನ್ನ ಅನುಮಾನ.

ಟ್ಯಾಂಕಿನಲ್ಲಿರುವುದೆಲ್ಲ ಇಂಜಿನ್‌ಗೆ ಸಿಗುವುದಿಲ್ಲ

ಗಾಡಿಯ ಜತೆ ಕೊಡುವ ಪುಸ್ತಕದಲ್ಲಿ ಬರೆದ ಲೀಟರ್ ಲೆಕ್ಕ ಬೇರೆ, ಏರಿನಲ್ಲಿ ಸಿಗುವ ಲೆಕ್ಕ ಬೇರೆ. ಯಾಕೆ ಎಂದು ತಿಳಿಯಬೇಕಾದರೆ ಟ್ಯಾಂಕ್ ಬಿಚ್ಚಿ ತಿರುಗಿಸಿ ನೋಡಬೇಕು. ಅದರ ಹೊಟ್ಟೆ ನೆಟ್ಟಗಿಲ್ಲ. ಗಾಡಿಯ ನಡು ಕೊಳವೆಯ ಮೇಲೆ ಎರಡೂ ಕಡೆ ಕಾಲು ಇಳಿಬಿಟ್ಟು ಕೂತ ಹಾಗೆ ಕೂತಿರುತ್ತದೆ. ಪೆಟ್ರೋಲ್ ಜಾಸ್ತಿ ಇದ್ದಾಗ ಎರಡೂ ಕಡೆ ಒಂದೇ ಮಟ್ಟ. ಕಡಿಮೆಯಾದಾಗ ನಡುವಿನ ಉಬ್ಬು ಮೇಲೆದ್ದು, ಎಡಕ್ಕೊಂದು ಬಲಕ್ಕೊಂದು ಹೊಂಡ ಆಗಿಬಿಡುತ್ತದೆ. ಕಾಕ್ ಇರುವುದು ಎಡಗಡೆ. ಬಲಗಡೆಯ ಹೊಂಡದಲ್ಲಿ ಉಳಿದದ್ದು ಅಲ್ಲೇ ಉಳಿಯುತ್ತದೆ.

ರಿಸರ್ವ್ ಕೂಡ ತೀರಿ ನಿಂತಾಗ ಹಳಬರು ಗಾಡಿಯನ್ನು ಎಡಕ್ಕೆ ಮಲಗಿಸಿದ ಹಾಗೆ ಬಗ್ಗಿಸಿ, ಎತ್ತಿ, ಮತ್ತೆ ಸ್ಟಾರ್ಟ್ ಮಾಡುತ್ತಾರಲ್ಲ, ಅದು ಮಂತ್ರವಲ್ಲ. ಬಲದ ಹೊಂಡದ ಪೆಟ್ರೋಲ್ ಉಬ್ಬು ದಾಟಿ ಎಡಕ್ಕೆ ಬರುತ್ತದೆ. ಎಷ್ಟು ಬರುತ್ತದೆ ಎಂದು ಒಂದು ಭಾನುವಾರ ನಾನೇ ಅಳೆದೆ. ಕಾಫಿ ಒಣಗಿಸುವ ಕಣ ಮಟ್ಟಸವಾಗಿರುತ್ತದೆ. ಅಲ್ಲಿ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಕಾರ್ಬೊರೇಟರ್ ಪೈಪ್ ಬಿಚ್ಚಿ, ಕ್ಯಾನಿಗೆ ಹಿಡಿದೆ. ಆನ್‌ನಲ್ಲಿ ಬರುವುದು ನಿಂತ ಮೇಲೆ ರಿಸರ್ವ್‌ಗೆ ತಿರುಗಿಸಿದೆ. ಅದರಲ್ಲಿ ಬಂದದ್ದು 1.1 ಲೀಟರ್. ಅದೂ ನಿಂತಿತು. ಎಡಕ್ಕೆ ಬಗ್ಗಿಸಿ ಎತ್ತಿದರೆ ಇನ್ನೂ 300 ಮಿಲಿಲೀಟರ್ ಬಂತು. ನನ್ನ ಗಾಡಿಗೆ ಅದು ಹದಿನಾಲ್ಕು ಹದಿನೈದು ಕಿಲೋಮೀಟರಿನ ದಾರಿ. ನಿಮ್ಮ ಗಾಡಿಯದು ಬೇರೆ ಇರುತ್ತದೆ, ಒಮ್ಮೆ ಅಳೆದುಕೊಳ್ಳಿ. ಇಂಜಿನ್ ತಣ್ಣಗಿರಲಿ, ಬಯಲಿನಲ್ಲಿ ಮಾಡಿ, ಹತ್ತಿರ ಒಲೆ ಬೆಂಕಿ ಇರಬಾರದು.

ಏರಿನಲ್ಲಿ ಇನ್ನೊಂದು ಆಟ. ಗಾಡಿಯ ಮೂತಿ ಮೇಲೆದ್ದಾಗ ಪೆಟ್ರೋಲ್ ಟ್ಯಾಂಕಿನ ಹಿಂದಕ್ಕೆ ಜಾರುತ್ತದೆ. ಇಳಿಜಾರಿನಲ್ಲಿ ಮುಂದಕ್ಕೆ. ಕಾಕ್ ಬಾಯಿ ಎಲ್ಲಿದೆ ಎಂಬುದರ ಮೇಲೆ ಒಂದು ಗಾಡಿ ಹತ್ತುವಾಗ ನಿಲ್ಲುತ್ತದೆ, ಇನ್ನೊಂದು ಇಳಿಯುವಾಗ ನಿಲ್ಲುತ್ತದೆ. ಮಟ್ಟಸ ರಸ್ತೆಗೆ ತಳ್ಳಿಕೊಂಡು ಬಂದರೆ ಎರಡೂ ಸ್ಟಾರ್ಟ್ ಆಗುತ್ತವೆ. ಪೆಟ್ರೋಲ್ ಮುಳ್ಳು ಸುಳ್ಳು ಹೇಳುವುದಕ್ಕೂ ಇದೇ ಕಾರಣ. ಟ್ಯಾಂಕಿನ ಒಳಗೆ ಕೋಲಿನ ತುದಿಯಲ್ಲಿ ಒಂದು ತೇಲುವ ಬುರುಡೆ ಇರುತ್ತದೆ. ಮಟ್ಟ ಓರೆಯಾದರೆ ಅದೂ ಓರೆ ಲೆಕ್ಕ ಹೇಳುತ್ತದೆ. ಜತೆಗೆ ಟ್ಯಾಂಕ್ ಮೇಲೆ ಅಗಲ, ಕೆಳಗೆ ಕಿರಿದು. ಅದಕ್ಕೇ ಎಷ್ಟೋ ಗಾಡಿಗಳಲ್ಲಿ ಮುಳ್ಳು ಅರ್ಧದವರೆಗೆ ಎಮ್ಮೆ ಥರ ಇಳಿಯುತ್ತದೆ, ಆಮೇಲೆ ದಡಬಡ ಬೀಳುತ್ತದೆ. ಮುಳ್ಳು ನಂಬುವುದಾದರೆ ಗಾಡಿ ಮಟ್ಟಸ ನೆಲದಲ್ಲಿ ನೆಟ್ಟಗೆ ನಿಂತಾಗ ನಂಬಿ.

ಟ್ಯಾಂಕಿನ ಅಳತೆಯೂ ಗಾಡಿಯಿಂದ ಗಾಡಿಗೆ ಎಷ್ಟು ಬೇರೆ ನೋಡಿ. ತೋಟದ ಮನೆಗಳಲ್ಲಿ ಕಾಣುವ ಟಿವಿಎಸ್ ಎಕ್ಸ್‌ಎಲ್ 100ಕ್ಕೆ 4 ಲೀಟರ್. ಸ್ಪ್ಲೆಂಡರ್ ಪ್ಲಸ್‌ಗೆ 9.8. ಪ್ಲಾಟಿನಾ 100ಕ್ಕೆ 11. ಈಗಿನ ಕ್ಲಾಸಿಕ್ 350ಕ್ಕೆ 13, ಪಲ್ಸರ್ 150ಕ್ಕೆ 15. ವಾರದ ಕೊನೆಗೆ ಬೆಂಗಳೂರಿನಿಂದ ಸಾಲುಗಟ್ಟಿ ಬರುವ ಹಿಮಾಲಯನ್ 450ಗೆ 17. ಟ್ಯಾಂಕ್ ದೊಡ್ಡದು ಎಂದು ದೂರ ಹೋಗುತ್ತದೆ ಎಂದೇನಿಲ್ಲ. ಲೀಟರಿಗೆ 60 ಕಿಲೋಮೀಟರ್ ಕೊಡುವ ಗಾಡಿಯ 9.8 ಲೀಟರ್, 30 ಕೊಡುವ ಗಾಡಿಯ 17 ಲೀಟರಿಗಿಂತ ಮುಂದೆ ಹೋಗುತ್ತದೆ.

ಹತ್ತು ಲೀಟರ್ ಟ್ಯಾಂಕಿಗೆ ಬಂಕಿನಲ್ಲಿ 10.4 ಲೀಟರ್ ಹೋಯಿತು, ಮೋಸ ಎಂದು ಜಗಳ ಆಡುವವರನ್ನು ನೋಡಿದ್ದೇನೆ. ನಾನೂ ಒಮ್ಮೆ ಆಡಿದ್ದೇನೆ. ಪುಸ್ತಕದ ಲೆಕ್ಕದಲ್ಲಿ ಮೇಲೆ ಸ್ವಲ್ಪ ಖಾಲಿ ಜಾಗ ಬಿಟ್ಟಿರುತ್ತಾರೆ. ಬಾಯಿಯವರೆಗೆ ತುಂಬಿಸಿದರೆ ಲೆಕ್ಕಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ. ನಿಜಕ್ಕೂ ಅನುಮಾನ ಇದ್ದರೆ ಬಂಕಿನಲ್ಲಿ ಸೀಲ್ ಹಾಕಿದ 5 ಲೀಟರಿನ ಅಳತೆ ಪಾತ್ರೆ ಇರುತ್ತದೆ, ಅದಕ್ಕೆ ಹಿಡಿದು ತೋರಿಸಿ ಎಂದು ಕೇಳುವ ಹಕ್ಕು ಗಿರಾಕಿಗೆ ಇದೆ. 5 ಲೀಟರಿಗೆ 25 ಮಿಲಿಲೀಟರ್ ಆಚೀಚೆ ಆದರೆ ನಿಯಮದೊಳಗೇ. ಜಗಳಕ್ಕಿಂತ ಇದು ಸುಲಭ.

ಹಾಗೆಂದು ಬಾಯಿಯವರೆಗೆ ತುಂಬಿಸಬೇಡಿ. ಬಿಸಿಗೆ ಪೆಟ್ರೋಲ್ ಹಿಗ್ಗುತ್ತದೆ. ಹತ್ತು ಲೀಟರ್ ಪೆಟ್ರೋಲ್ ಇಪ್ಪತ್ತು ಡಿಗ್ರಿ ಬಿಸಿಯಾದರೆ ಒಂದು ಲೋಟದಷ್ಟು ಹಿಗ್ಗುತ್ತದೆ. ಮಳೆಗಾಲದ ಬೆಳಗ್ಗೆ ತುಂಬಿಸಿದ್ದು ಅಷ್ಟು ತೊಂದರೆ ಕೊಡಲಿಕ್ಕಿಲ್ಲ, ಏಪ್ರಿಲ್ ಬಿಸಿಲಲ್ಲಿ ಕಡೂರು ಬಸ್‌ಸ್ಟ್ಯಾಂಡ್ ಹತ್ತಿರ ನಿಲ್ಲಿಸಿದ್ದು ಮುಚ್ಚಳದಿಂದ ಸೋರುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್ 6 ಅಂದರೆ ಹೊಸ ಹೊಗೆ ನಿಯಮದ ಗಾಡಿಗಳಲ್ಲಿ ಇನ್ನೊಂದು ತೊಂದರೆ. ಪೆಟ್ರೋಲ್ ಆವಿಯನ್ನು ಹಿಡಿಯಲು ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ. ಕಂಠಪೂರ್ತಿ ತುಂಬಿಸಿದರೆ ಆವಿಯ ಬದಲು ಪೆಟ್ರೋಲೇ ಅದರೊಳಗೆ ಹೋಗಿ, ಸ್ಟಾರ್ಟಿಂಗ್ ಟ್ರಬಲ್ ಶುರುವಾಗುತ್ತದೆ. ಪಂಪ್ ತಾನಾಗಿ ಕಟ್ ಆದಮೇಲೆ "ರೌಂಡ್ ಫಿಗರ್ ಮಾಡಿ" ಎನ್ನುವ ಚಟ ಬಿಡುವುದು ಒಳ್ಳೆಯದು.

ನೀರು, ಕಸ, ಕಳೆ ಮಷೀನಿನ ಕ್ಯಾನು

ಮಲೆನಾಡಿನಲ್ಲಿ ಟ್ಯಾಂಕಿಗೆ ನೀರು ಸೇರಲು ಬಂಕೇ ಬೇಕಿಲ್ಲ. ಮುಚ್ಚಳದ ಸುತ್ತ ಬಿದ್ದ ಮಳೆ ನೀರು ಹರಿದುಹೋಗಲು ಟ್ಯಾಂಕಿನ ಬಾಯಿ ಹತ್ತಿರ ಒಂದು ಸಣ್ಣ ತೂತು ಎಷ್ಟೋ ಗಾಡಿಗಳಲ್ಲಿ ಇರುತ್ತದೆ. ಅದಕ್ಕೆ ಕಸ ತುಂಬಿದರೆ ನೀರು ಅಲ್ಲೇ ನಿಂತು, ಮುಚ್ಚಳ ತೆರೆದ ಕೂಡಲೇ ಒಳಗೆ. ಇನ್ನು ಟ್ಯಾಂಕ್ ಯಾವಾಗಲೂ ಮುಕ್ಕಾಲು ಖಾಲಿ ಇಟ್ಟರೆ ಒಳಗಿನ ತೇವದ ಗಾಳಿ ರಾತ್ರಿ ತಣ್ಣಗಾಗಿ ತಗಡಿನ ಮೇಲೆ ಬೆವರುತ್ತದೆ. ಹನಿ ಹನಿ ಸೇರಿ ಬುಡಕ್ಕೆ ಇಳಿಯುತ್ತದೆ, ತಗಡು ತುಕ್ಕು ಹಿಡಿಯುತ್ತದೆ.

ಪರೀಕ್ಷೆ ಮಾಡುವುದು ಹೀಗೆ. ಕಾರ್ಬೊರೇಟರ್ ಬುಡದಲ್ಲಿ ಒಂದು ಡ್ರೈನ್ ಸ್ಕ್ರೂ ಇದೆ. ಅದರ ಕೆಳಗೆ ಗಾಜಿನ ಸೀಸೆ ಹಿಡಿದು ಸಡಿಲಿಸಿ. ಸೀಸೆಯನ್ನು ಅಲ್ಲಾಡಿಸದೆ ಐದು ನಿಮಿಷ ಇಡಿ. ನೀರು ಇದ್ದರೆ ಬುಡದಲ್ಲಿ ಬೇರೆಯಾಗಿ ನಿಲ್ಲುತ್ತದೆ, ಕೆಸುವಿನ ಎಲೆ ಮೇಲಿನ ಹನಿ ಥರ ಉರುಳುತ್ತದೆ. ಪೆಟ್ರೋಲಿಗಿಂತ ನೀರು ಭಾರ ಅಲ್ವಾ. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಇದೆ. ಎಥನಾಲ್ ಸ್ವಲ್ಪ ನೀರನ್ನು ತನ್ನೊಳಗೆ ಕುಡಿದುಕೊಳ್ಳುತ್ತದೆ. ಸ್ವಲ್ಪ ಇದ್ದರೆ ಗೊತ್ತೇ ಆಗದೆ ಉರಿದುಹೋಗುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಒಟ್ಟಿಗೆ ಬೇರೆಯಾಗಿ ಬುಡಕ್ಕೆ ಕೂರುತ್ತವೆ. ರಿಸರ್ವ್‌ನಲ್ಲಿ ಇಟ್ಟರೆ ಇಂಜಿನ್‌ಗೆ ಮೊದಲು ಸಿಗುವುದು ಬುಡದ್ದೇ. ಹೀಗಾದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡದೆ ಬೇರೆ ದಾರಿ ಇಲ್ಲ. ಸೀಸೆಯಲ್ಲಿ ಇಟ್ಟಿಗೆ ಪುಡಿಯಂಥ ಕೆಂಪು ಕಸ ಕಂಡರೆ ಅದು ಟ್ಯಾಂಕಿನ ತುಕ್ಕು. ಕಾಕ್ ಬಿಚ್ಚಿ ಅದರ ಜಾಲರಿ ತೊಳೆಯಬೇಕು.

ತೋಟದವರಿಗೆ ಮಾತ್ರ ಬರುವ ಒಂದು ಕಾಯಿಲೆಯೂ ಇದೆ. ಕಳೆ ಹೊಡೆಯುವ ಮಷೀನಿಗೆ ಟೂಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ ಎಣ್ಣೆ) ಬೆರೆಸಿದ ಪೆಟ್ರೋಲ್ ಕ್ಯಾನು ಮೂಲೆಯಲ್ಲಿ ಇರುತ್ತದೆ. ಬೈಕಿಗೆ ಪೆಟ್ರೋಲ್ ಇಲ್ಲ ಎಂದು ಯಾರೋ ಅದನ್ನೇ ಸುರಿಯುತ್ತಾರೆ. ಅರ್ಧ ಲೀಟರ್ ಹಾಕಿ ಬಂಕ್ ಮುಟ್ಟಿದರೆ ಇಂಜಿನ್ ಹಾಳಾಗುವುದಿಲ್ಲ, ಬಿಳಿ ಹೊಗೆ ಬಂದು ಪ್ಲಗ್ ಕಪ್ಪಾಗುತ್ತದೆ ಅಷ್ಟೇ. ಅದನ್ನೇ ರೂಢಿ ಮಾಡಿಕೊಳ್ಳಬೇಡಿ. ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಪೆಟ್ರೋಲ್ ಒಯ್ಯುವುದಂತೂ ಬೇಡವೇ ಬೇಡ.

ಇಂಜೆಕ್ಷನ್ ಗಾಡಿ ಆದರೆ

ನನ್ನ ತಂಗಿಯ ಮಗನದು ಹೊಸ ಗಾಡಿ. ಅದರಲ್ಲಿ ಕಾಕ್ ಇಲ್ಲ, ರಿಸರ್ವ್ ಇಲ್ಲ, ಚೋಕ್ ಇಲ್ಲ. ಮೀಟರಿನಲ್ಲಿ ಕೊನೆಯ ಗೆರೆ ಮಿಣುಕುತ್ತದೆ, ಅದೇ ರಿಸರ್ವ್. ಕೀ ಆನ್ ಮಾಡಿ ಕಿವಿಗೊಡಿ. ಟ್ಯಾಂಕಿನ ಒಳಗಿಂದ ಎರಡು ಮೂರು ಸೆಕೆಂಡ್ ಝೂಂ ಎಂಬ ಸದ್ದು ಬಂದರೆ ಇಂಜಿನ್‌ಗೆ ಪೆಟ್ರೋಲ್ ದೂಡುವ ಪಂಪಿಗೆ ಜೀವ ಇದೆ. ಬರದಿದ್ದರೆ ಕಿಲ್ ಸ್ವಿಚ್, ಬ್ಯಾಟರಿ, ಫ್ಯೂಸ್ ನೋಡಿ. ಸದ್ದು ಬಂದರೂ ಸ್ಟಾರ್ಟ್ ಆಗದೆ, ಇಂಜಿನ್ ಚಿತ್ರದ ಹಳದಿ ದೀಪ ಆರದೆ ಉಳಿದರೆ ಸರ್ವಿಸ್ ಸೆಂಟರಿಗೇ ಹೋಗಬೇಕು. ಅದು ರಸ್ತೆ ಬದಿಯ ಕೆಲಸವಲ್ಲ.

ಈ ಗಾಡಿಗಳಿಗೆ ಒಂದು ಮಾತು ಮುಖ್ಯ. ಪಂಪ್ ಪೆಟ್ರೋಲಿನೊಳಗೇ ಮುಳುಗಿರುತ್ತದೆ. ಅದನ್ನು ತಣ್ಣಗಿಡುವುದೂ ಆ ಪೆಟ್ರೋಲೇ. ದಿನಾ ನೂರು ರೂಪಾಯಿಗೆ ಹಾಕಿಸಿ, ಕೊನೆಯ ಗೆರೆ ಮಿಣುಕುತ್ತಲೇ ಓಡಿಸಿದರೆ ಪಂಪ್ ಬಿಸಿಯಾಗುತ್ತದೆ. ಏರಿನಲ್ಲಿ ಪೆಟ್ರೋಲ್ ಹಿಂದಕ್ಕೆ ಜಾರಿದಾಗ ಗಾಳಿ ಎಳೆದುಕೊಂಡು ಗಾಡಿ ಜರ್ಕ್ ಹೊಡೆಯುತ್ತದೆ. ಹಳೆ ಗಾಡಿಯಲ್ಲಿ ಪೆಟ್ರೋಲ್ ತೀರಿದರೆ ತಳ್ಳುವ ಕಷ್ಟ ಅಷ್ಟೇ, ಇದರಲ್ಲಿ ಪಂಪಿನ ಖರ್ಚೂ ಬರಬಹುದು. ಪೂರ್ತಿ ತೀರಿ ನಿಂತಿದ್ದರೆ, ಪೆಟ್ರೋಲ್ ಹಾಕಿದ ಮೇಲೆ ಕೀ ಮೂರು ಸಲ ಆನ್ ಆಫ್ ಮಾಡಿ, ಪ್ರತಿ ಸಲ ಝೂಂ ನಿಲ್ಲುವವರೆಗೆ ಕಾದು, ಆಮೇಲೆ ಸೆಲ್ಫ್ ಒತ್ತಿ.

ಚಾರ್ಮಾಡಿ ಇಳಿಯುವಾಗ ಇಂಜಿನ್ ಆಫ್ ಮಾಡಿ ಪೆಟ್ರೋಲ್ ಉಳಿಸುವವರಿದ್ದಾರೆ. ಇಂಜೆಕ್ಷನ್ ಗಾಡಿಯಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ತಾನಾಗಿ ನಿಲ್ಲುತ್ತದೆ. ಆಫ್ ಮಾಡಿ ಉಳಿಸಲು ಏನೂ ಇಲ್ಲ, ಬ್ರೇಕ್ ಮಾತ್ರ ಬಿಸಿಯಾಗುತ್ತದೆ.

ಯಾವಾಗ ಹಾಕಿಸಬೇಕು

ರಿಸರ್ವ್ ಬಿದ್ದ ಮೇಲೆ ಬಂಕ್ ಹುಡುಕುವುದು ಬಯಲುಸೀಮೆಯವರ ಅಭ್ಯಾಸ. ಅಲ್ಲಿ ಅದು ನಡೆಯುತ್ತದೆ. ನಮ್ಮ ಕಡೆ ಕೈಮರ ದಾಟಿದರೆ ಗಿರಿಯ ಮೇಲೆ ಬಂಕ್ ಇಲ್ಲ. ಮಳೆ ಜೋರಾದರೆ ಮರ ಬಿದ್ದು ರಸ್ತೆ ಮುಚ್ಚುತ್ತದೆ, ಸುತ್ತಿ ಬರಬೇಕಾಗುತ್ತದೆ. ಕರೆಂಟ್ ಹೋಗಿ ಸಣ್ಣ ಬಂಕಿನ ಜನರೇಟರೂ ಕೈಕೊಟ್ಟರೆ ಪೆಟ್ರೋಲ್ ಇದ್ದೂ ಸಿಗುವುದಿಲ್ಲ.

ನನ್ನ ಲೆಕ್ಕ ಹೇಳುತ್ತೇನೆ. ಮೈಲೇಜನ್ನು ಅಂದಾಜಿಗೆ ಬಿಡಬೇಡಿ. ಒಂದು ಸಲ ಪಂಪ್ ಕಟ್ ಆಗುವವರೆಗೆ ತುಂಬಿಸಿ ಕಿಲೋಮೀಟರ್ ಬರೆದಿಡಿ. ಮುಂದಿನ ಸಲ ಅದೇ ಬಂಕಿನಲ್ಲಿ, ಗಾಡಿಯನ್ನು ಅದೇ ಥರ ನಿಲ್ಲಿಸಿ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹೋದ ಲೀಟರಿನಿಂದ ಭಾಗಿಸಿ. ನನ್ನ ಗಾಡಿ ಕಡೂರು ಕಡೆಯ ಮಟ್ಟಸ ರಸ್ತೆಯಲ್ಲಿ 60 ಕೊಡುತ್ತದೆ. ಬಾಳೆಹೊನ್ನೂರು, ಮೂಡಿಗೆರೆ ಕಡೆ ತಿರುಗಿದರೆ 48. ಟ್ಯಾಂಕ್ 10 ಲೀಟರ್, ರಿಸರ್ವಿನ 1.1 ಕಳೆದರೆ 8.9. ಅದನ್ನು 48ರಿಂದ ಗುಣಿಸಿದರೆ 427 ಕಿಲೋಮೀಟರ್. ಆದರೆ ನಾನು 250ಕ್ಕೇ ತುಂಬಿಸುತ್ತೇನೆ. ಅಷ್ಟರಲ್ಲಿ ಅರ್ಧ ಟ್ಯಾಂಕ್ ಖರ್ಚಾಗಿರುತ್ತದೆ. ಬಲಗಡೆ ಹೊಂಡದ ತಂಟೆ ಇಲ್ಲ, ಬೆವರಿದ ನೀರಿನ ತಂಟೆ ಕಡಿಮೆ. ಒಮ್ಮೆಗೆ ಐದು ಲೀಟರ್ ಅಂದರೆ ಐನೂರು ಚಿಲ್ಲರೆ ಬೇಕು, ಅದೊಂದೇ ಕಷ್ಟ. ಬಟವಾಡೆ ದಿನ ತುಂಬಿಸುತ್ತೇನೆ, ಮರೆಯುವುದೂ ಇಲ್ಲ. ಟ್ರಿಪ್ ಮೀಟರ್ ಇಲ್ಲದ ಗಾಡಿಯಾದ್ದರಿಂದ ಟ್ಯಾಂಕ್ ಮೇಲೆ ಹಾಜರಿ ಪುಸ್ತಕದ ಲೇಬಲ್ ಅಂಟಿಸಿ ಅದರಲ್ಲೇ ಬರೆಯುತ್ತೇನೆ.

ಘಾಟಿ ಇಳಿಯುವ ದಿನ ಈ ಲೆಕ್ಕವೂ ಬೇಡ. ಚಾರ್ಮಾಡಿಗಾದರೆ ಮೂಡಿಗೆರೆಯಲ್ಲಿ, ಶಿರಾಡಿಗಾದರೆ ಸಕಲೇಶಪುರದಲ್ಲಿ, ಗಿರಿಗಾದರೆ ಚಿಕ್ಕಮಗಳೂರು ಪೇಟೆಯಲ್ಲಿ, ಮುಳ್ಳು ಎಲ್ಲೇ ಇರಲಿ, ತುಂಬಿಸಿಬಿಡಿ.

ಮೊನ್ನೆ ಇಳಿಸಂಜೆ ಆಲ್ದೂರು ಏರಿನಲ್ಲಿ ಒಬ್ಬ ಹುಡುಗ ಹೊಸ ಗಾಡಿ ತಳ್ಳುತ್ತಿದ್ದ. ಬೆವರು ಸುರಿಯುತ್ತಿತ್ತು. ನಾನು ಹಾಲಿನ ಡ್ರೈವರಣ್ಣನ ಗತ್ತಿನಲ್ಲೇ ನಿಲ್ಲಿಸಿ, "ಮುಚ್ಚಳ ತೆಗಿ ನೋಡಣ" ಅಂದೆ. ತೆಗೆದ. ಯಾವ ಶಬ್ದವೂ ಬರಲಿಲ್ಲ. ಪೆಟ್ರೋಲ್ ತುಂಬಿತ್ತು. ಕೀ ಆನ್ ಮಾಡಿಸಿದೆ, ಝೂಂ ಕೂಡ ಇಲ್ಲ. ಇದು ಪಂಪೇ, ಖರ್ಚು ಜೋರಿದೆ ಅಂತ ಹೇಳಿಯೂಬಿಟ್ಟೆ. ಹುಡುಗನ ಮುಖ ಬಾಡಿತು. ಅಷ್ಟರಲ್ಲಿ ಹಿಂದೆ ಕೂತಿದ್ದ ಅವನ ತಂಗಿ, ಏಳೆಂಟು ವರ್ಷದವಳು, "ಅಣ್ಣ, ಈ ಕೆಂಪು ಬಟನ್ ನಾನಾಗ್ಲೇ ಒತ್ತಿದ್ದೆ" ಅಂದಳು.